ಮಳೆ ಕೊಳ್ಳುವ ಸಿನಿಮಾ, ಮಳೆಗೆ ಕಾಯುವ ಸಿನಿಮಾ

(ಮಡಿಕೇರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸಿನಿಮಾ ಆಸಕ್ತರ ಮುಂದೆ ಸೌಂಡ್ ರೆಕಾರ್ಡಿಸ್ಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಎಷ್ಟು ಕೋಟಿ ದಾಟಿದರೆ ಅದು ದೊಡ್ಡ ಸಿನಿಮಾ? ಎಲ್ಲಿ ಹೋದರೂ ನನಗೆ ಮೊದಲು ಬರುವ ಪ್ರಶ್ನೆ ಇದು. ಉತ್ತರ ಊರಿಂದ ಊರಿಗೆ ಬದಲಾಗುತ್ತದೆ. 2024ರಲ್ಲಿ ಬಂದ ಅಮೆರಿಕದ 'ಅನೋರಾ'ವನ್ನೇ ತೆಗೆದುಕೊಳ್ಳಿ. ಖರ್ಚು ಸುಮಾರು 60 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 50 ಕೋಟಿ ರೂಪಾಯಿ. ಅಲ್ಲಿ ಅದು ಪುಟ್ಟ ಇಂಡಿಪೆಂಡೆಂಟ್ ಸಿನಿಮಾ. ಫ್ರಾನ್ಸಿನ ಕಾನ್ ಉತ್ಸವದ ಅತಿ ದೊಡ್ಡ ಪ್ರಶಸ್ತಿ ಪಾಮ್ ಡೋರ್ ಗೆದ್ದಿತು, ಆಮೇಲೆ ಐದು ಆಸ್ಕರ್ ಬಂದವು. ನಮ್ಮ 'ಕಾಂತಾರ' 2022ರಲ್ಲಿ ಬಂದಾಗ ಅದರ ಬಜೆಟ್ ಸುಮಾರು 16 ಕೋಟಿ ಅಂತ ಸುದ್ದಿಯಾಗಿತ್ತು. ಅಂದರೆ ಅನೋರಾದ ಮೂರನೇ ಒಂದು ಪಾಲು. ಹಾಗಂತ ಕಾಂತಾರವನ್ನು ಇಂಡಿಪೆಂಡೆಂಟ್ ಅನ್ನೋಕಾಗುತ್ತಾ? ಆಗಲ್ಲ. ಅದರ ಹಿಂದೆ ಇದ್ದದ್ದು 'ಕೆಜಿಎಫ್' ಮಾಡಿದ ಹೊಂಬಾಳೆ ಫಿಲ್ಮ್ಸ್. ಸಿನಿಮಾ ಮುಗಿದ ಮೇಲೆ ಎಲ್ಲಿ ಹಾಕೋದು ಅಂತ ಅವರು ಥಿಯೇಟರ್ ಥಿಯೇಟರ್ ಅಲೆಯಬೇಕಿರಲಿಲ್ಲ.

ಹಾಗಾಗಿ ಕೋಟಿ ಎಣಿಸೋದನ್ನು ಬಿಟ್ಟು ನಾನು ಎರಡು ವಿಷಯ ನೋಡುತ್ತೇನೆ. ದುಡ್ಡು ಯಾರದು? ಎಡಿಟಿಂಗ್ ಟೇಬಲ್ ಮುಂದೆ ಕೂತು "ಈ ಸೀನ್ ಬೇಡ, ಕತ್ತರಿಸಿ" ಅಂತ ಹೇಳುವವರು ಯಾರು? ನಾನು ಎರಡೂ ಕಡೆ ಕೆಲಸ ಮಾಡಿದ್ದೇನೆ. ನೂರಾರು ಜನರ ಯೂನಿಟ್‌ನಲ್ಲೂ ಮೈಕ್ ಹಿಡಿದಿದ್ದೇನೆ, ಒಂದು ಓಮ್ನಿಯಲ್ಲಿ ಹಿಡಿಸುವಷ್ಟು ಜನರ ತಂಡದಲ್ಲೂ ಹಿಡಿದಿದ್ದೇನೆ. ಎರಡೂ ಕಡೆ ಕ್ಯಾಮೆರಾ ಹೆಚ್ಚುಕಡಿಮೆ ಒಂದೇ ಇರುತ್ತದೆ. ಈಗ ಒಳ್ಳೆಯ ಕ್ಯಾಮೆರಾ ಬೆಂಗಳೂರಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ವ್ಯತ್ಯಾಸ ಇರೋದು ಬೇರೆ ಕಡೆ.

ಮೊದಲು ದೊಡ್ಡ ದುಡ್ಡು ಹೇಗೆ ಕೆಲಸ ಮಾಡುತ್ತದೆ ನೋಡೋಣ. ಹಾಲಿವುಡ್‌ನಲ್ಲಿ ಈಗ ಐದು ದೊಡ್ಡ ಸ್ಟುಡಿಯೊಗಳ ಹೆಸರು ಹೇಳುತ್ತಾರೆ: ಡಿಸ್ನಿ, ಯೂನಿವರ್ಸಲ್, ವಾರ್ನರ್, ಪ್ಯಾರಾಮೌಂಟ್, ಸೋನಿ. ಇವು ಸಿನಿಮಾ ಮಾಡುವುದೂ ಹೌದು, ಹಂಚುವುದೂ ಹೌದು. ಒಂದು ಚಿತ್ರಕ್ಕೆ ಒಪ್ಪಿಗೆ ಸಿಗುವ ಮೊದಲು ಕತೆಯನ್ನು ಹತ್ತು ಜನ ಓದುತ್ತಾರೆ, ಲೆಕ್ಕದವರು ಓದುತ್ತಾರೆ, ಜಾಹೀರಾತಿನವರು ಓದುತ್ತಾರೆ. ಮುಗಿದ ಮೇಲೆ ಗೊತ್ತಿಲ್ಲದ ಜನರನ್ನು ಕೂರಿಸಿ ತೋರಿಸುತ್ತಾರೆ. ಅವರಿಗೆ ಕ್ಲೈಮ್ಯಾಕ್ಸ್ ಹಿಡಿಸದಿದ್ದರೆ ಮತ್ತೆ ಶೂಟ್ ಮಾಡಿದ್ದೂ ಉಂಟು. ಇದನ್ನೆಲ್ಲ ಕಲೆಗೆ ಅವಮಾನ ಅಂತ ಬೈಯೋದು ಸುಲಭ. ಆದರೆ 1980ರಲ್ಲಿ ಏನಾಯಿತು ಕೇಳಿ. ಯುನೈಟೆಡ್ ಆರ್ಟಿಸ್ಟ್ಸ್ ಅನ್ನುವ ಸ್ಟುಡಿಯೊ ಮೈಕಲ್ ಚಿಮಿನೊ ಅನ್ನುವ ನಿರ್ದೇಶಕನಿಗೆ 'ಹೆವನ್ಸ್ ಗೇಟ್' ಚಿತ್ರದಲ್ಲಿ ಬೇಕಾದಷ್ಟು ಸ್ವಾತಂತ್ರ್ಯ ಕೊಟ್ಟಿತು. ಸುಮಾರು ಒಂದು ಕೋಟಿ ಡಾಲರ್‌ನಲ್ಲಿ ಮುಗಿಯಬೇಕಿದ್ದ ಚಿತ್ರ ನಾಲ್ಕು ಕೋಟಿ ದಾಟಿತು. ಟಿಕೆಟ್ ಕಿಟಕಿಯಲ್ಲಿ ಬಂದದ್ದು 40 ಲಕ್ಷವೂ ಇಲ್ಲ. ಮರುವರ್ಷ ಆ ಸ್ಟುಡಿಯೊವನ್ನೇ ಮಾರಿಬಿಟ್ಟರು. ಆಮೇಲೆ ಹಾಲಿವುಡ್‌ನ ದುಡ್ಡಿನವರು ಯಾವ ನಿರ್ದೇಶಕನನ್ನೂ ಸುಮ್ನೆ ಬಿಡಲಿಲ್ಲ.

ನಮ್ಮ ಗಾಂಧಿನಗರದಲ್ಲಿ ಹತ್ತು ಜನರ ಸಮಿತಿ ಇರೋದಿಲ್ಲ. ಅದರ ಬದಲು ಬಡ್ಡಿ ಇರುತ್ತದೆ. ಫೈನಾನ್ಸಿಯರ್ ಹತ್ತಿರ ತಂದ ದುಡ್ಡಿಗೆ ಶೂಟಿಂಗ್ ನಡೆದರೂ ನಡೆಯದಿದ್ದರೂ ಬಡ್ಡಿ ಏರುತ್ತಲೇ ಇರುತ್ತದೆ. ಹೀರೊ ಡೇಟ್ಸ್ ಮೊದಲು ಸಿಗುತ್ತದೆ, ಕತೆ ಆಮೇಲೆ ಬರುತ್ತದೆ. ಹಿಂದಿ ಡಬ್ಬಿಂಗ್ ಹಕ್ಕು, ಸ್ಯಾಟಲೈಟ್ ಹಕ್ಕು, ಓಟಿಟಿ ಹಕ್ಕು, ಆಡಿಯೊ ಹಕ್ಕು ಎಲ್ಲವೂ ಹೀರೊ ಮುಖ ನೋಡಿ ಮಾರಾಟವಾಗುತ್ತವೆ. ಹಾಗಾಗಿ ಹೀರೊ ಸಂಭಾವನೆ ಬಜೆಟ್ಟಿನ ದೊಡ್ಡ ಪಾಲು ತಿಂದರೂ ಯಾರೂ ದೂರುವುದಿಲ್ಲ. ನಿರ್ಮಾಪಕನ ಲೆಕ್ಕದಲ್ಲಿ ಅದು ಖರ್ಚಲ್ಲ, ಜಾಮೀನು.

ಇನ್ನೊಂದು ಕಡೆ 'ಲೂಸಿಯಾ' ಇದೆ. 2013ರದ್ದು. ಪವನ್ ಕುಮಾರ್ ಅವರಿಗೆ ನಿರ್ಮಾಪಕರು ಸಿಗಲಿಲ್ಲ. ಇಂಟರ್ನೆಟ್‌ನಲ್ಲಿ ಪ್ರೇಕ್ಷಕರನ್ನೇ ಕೇಳಿದರು. 110 ಜನ ಸೇರಿ ಸುಮಾರು 50 ಲಕ್ಷ ಕೊಟ್ಟರು. ಹತ್ತು ವರ್ಷ ಬಿಟ್ಟು, 2023ರಲ್ಲಿ, 'ಡೇರ್‌ಡೆವಿಲ್ ಮುಸ್ತಾಫಾ' ಬಂತು. ಅದಕ್ಕೆ ದುಡ್ಡು ಹಾಕಿದವರು ಪೂರ್ಣಚಂದ್ರ ತೇಜಸ್ವಿಯವರ ಓದುಗರು. ಅವರೂ ನೂರರ ಆಸುಪಾಸು ಜನ. ಇಲ್ಲಿ ಬಡ್ಡಿ ಇಲ್ಲ, ಆದರೆ ಬೇರೆ ಕಷ್ಟ ಇದೆ. ಬ್ಯಾಂಕಿನವನು ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. ಭಾವನ ಹತ್ತಿರ, ಕ್ಲಾಸ್‌ಮೇಟ್ ಹತ್ತಿರ ದುಡ್ಡು ತಗೊಂಡು ಸಿನಿಮಾ ಮಾಡಿದರೆ ಪ್ರತಿ ಮದುವೆಯಲ್ಲೂ ಎದುರಿಗೆ ಸಿಗುತ್ತಾರೆ. "ಏನಾಯ್ತಪ್ಪ ನಿನ್ನ ಪಿಚ್ಚರ್?" ಅಂತಾರೆ. ನಗಬೇಡಿ, ಆ ಒಂದು ಪ್ರಶ್ನೆಗೆ ಹೆದರಿ ಊರಿಗೆ ಬರೋದನ್ನೇ ಬಿಟ್ಟ ನಿರ್ದೇಶಕರು ನನಗೆ ಗೊತ್ತು.

ಈಗ ನಮ್ಮ ಜಿಲ್ಲೆಗೆ ಬರೋಣ. ನಿಮ್ಮಲ್ಲಿ ಎಷ್ಟೋ ಜನರ ತೋಟದಲ್ಲಿ ಶೂಟಿಂಗ್ ಆಗಿರಬಹುದು. ಬೆಳಗ್ಗೆ ಆರಕ್ಕೆ ಗೇಟಿನ ಹತ್ತಿರ ನಿಂತು ನೋಡಿದರೆ ದೊಡ್ಡ ಯೂನಿಟ್ ಅಂದರೇನು ಅಂತ ಗೊತ್ತಾಗುತ್ತದೆ. ಮೊದಲು ಜನರೇಟರ್ ಗಾಡಿ ಬರುತ್ತದೆ. ಆಮೇಲೆ ಲೈಟ್ ತುಂಬಿದ ಲಾರಿಗಳು, ಕ್ಯಾರವಾನ್, ಊಟದ ಗಾಡಿ, ಕಾಸ್ಟ್ಯೂಮ್ ಗಾಡಿ, ಜೂನಿಯರ್ ಆರ್ಟಿಸ್ಟ್‌ಗಳ ಬಸ್. ಕೊನೆಗೆ ನೀರಿನ ಟ್ಯಾಂಕರ್.

ಟ್ಯಾಂಕರ್ ಯಾಕೆ? ಮಳೆ ಸೀನ್‌ಗೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುವ ಮಡಿಕೇರಿಗೆ ಟ್ಯಾಂಕರ್‌ನಲ್ಲಿ ಮಳೆ ತರುತ್ತಾರೆ! ನನಗೂ ಮೊದಮೊದಲು ಇದು ಹುಚ್ಚುತನ ಅನ್ನಿಸುತ್ತಿತ್ತು. ಆದರೆ ಕಾರಣ ಇದೆ. ನಿಜವಾದ ಮಳೆ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ. ಹನಿಯ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಅದು ಹೊಳೆಯುತ್ತದೆ. ಮೋಡ ಕವಿದ ಆಕಾಶದ ಕೆಳಗೆ ಹನಿ ಯಾವುದು, ಬೂದು ಬಣ್ಣ ಯಾವುದು ಗೊತ್ತಾಗಲ್ಲ. ಜೊತೆಗೆ ಅಸಲಿ ಮಳೆ ಹೇಳಿದ ಮಾತು ಕೇಳುವುದಿಲ್ಲ. ಹೀರೊಯಿನ್ ಮೊದಲ ಸಾಲು ಹೇಳುವಾಗ ಧೋ ಅಂತ ಸುರಿಯುತ್ತದೆ, ಎರಡನೇ ಸಾಲಿಗೆ ನಿಂತುಬಿಡುತ್ತದೆ. ಒಂದೇ ಮಾತುಕತೆಯನ್ನು ಐದು ಕೋನದಿಂದ ತೆಗೆಯಬೇಕು, ಐದರಲ್ಲೂ ಮಳೆ ಒಂದೇ ರೀತಿ ಬೀಳಬೇಕು. ಟ್ಯಾಂಕರ್, ಪೈಪು, ಮೇಲೆ ತೂತಿನ ಸ್ಪ್ರಿಂಕ್ಲರ್, ಹಿಂದೆ ಒಂದು ದೊಡ್ಡ ಲೈಟ್ ಇದ್ದರೆ ಮಳೆ ಹೇಳಿದ ಹಾಗೆ ಕೇಳುತ್ತದೆ. "ಆಕ್ಷನ್" ಅಂದರೆ ಬೀಳುತ್ತದೆ, "ಕಟ್" ಅಂದರೆ ನಿಲ್ಲುತ್ತದೆ.

ದೊಡ್ಡ ಸಿನಿಮಾ ದುಡ್ಡು ಕೊಟ್ಟು ಕೊಳ್ಳುವುದು ಇದನ್ನೇ. ಆಡಂಬರಕ್ಕೆ ಖರ್ಚು ಮಾಡುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಬಹುಪಾಲು ದುಡ್ಡು ಹೋಗುವುದು 'ಹೀಗೆ ಆಗದಿದ್ದರೆ?' ಅನ್ನುವ ಭಯವನ್ನು ತೆಗೆಯೋದಕ್ಕೆ. ಬಿಸಿಲು ಬರದಿದ್ದರೆ ಲೈಟ್ ಇದೆ. ಮಳೆ ಬರದಿದ್ದರೆ ಟ್ಯಾಂಕರ್ ಇದೆ. ಮಳೆ ಬಂದುಬಿಟ್ಟರೆ ಒಳಗೆ ಇನ್ನೊಂದು ಸೆಟ್ ರೆಡಿ ಇದೆ. ಯಾಕೆಂದರೆ ಅಷ್ಟು ಜನ ಒಂದು ದಿನ ಸುಮ್ನೆ ಕೂತರೂ ಬೇಟಾ ಅನ್ನುವ ದಿನಭತ್ಯೆ, ಊಟ, ರೂಮು, ಬಾಡಿಗೆ, ಬಡ್ಡಿ ಎಲ್ಲ ಸೇರಿ ಲಕ್ಷಗಟ್ಟಲೆ ಕರಗುತ್ತದೆ.

ಆದರೆ ದುಡ್ಡಿಗೆ ಸಿಗದ ಕೆಲವು ಇವೆ. ಕಾಫಿ ಹೂವನ್ನೇ ನೋಡಿ. ಮಾರ್ಚ್ ಹೊತ್ತಿಗೆ ಹೂಮಳೆ ಬೀಳಬೇಕು. ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಮೂರು ನಾಲ್ಕು ದಿನ ಇರುತ್ತದೆ, ಆಮೇಲೆ ಕಂದು ತಿರುಗುತ್ತದೆ. ಮಳೆ ಯಾವತ್ತು ಬೀಳುತ್ತದೆ? ಇಲ್ಲಿ ಕೂತಿರುವ ಯಾವ ಬೆಳೆಗಾರರೂ ಹೇಳಲಾರರು, ಹೇಳುವ ಹಾಗಿದ್ದರೆ ಸ್ಪ್ರಿಂಕ್ಲರ್ ಹಾಕಿ ಹೊಳೆಯಿಂದ ನೀರೆತ್ತುವ ತಲೆನೋವೇ ಇರುತ್ತಿರಲಿಲ್ಲ. ಆರು ತಿಂಗಳ ಹಿಂದೆಯೇ ಹೀರೊ ಡೇಟ್ಸ್ ಬರೆದುಕೊಂಡ ಯೂನಿಟ್‌ಗೆ ಆ ನಾಲ್ಕು ದಿನ ಸಿಗುವುದು ಅದೃಷ್ಟ. ಗೋಣಿಕೊಪ್ಪದಲ್ಲೇ ಮನೆ ಇರುವ, ಕ್ಯಾಮೆರಾ ಬ್ಯಾಗ್‌ನಲ್ಲಿ ಇಟ್ಟುಕೊಂಡ ಹುಡುಗಿಗೆ? ಬೆಳಗ್ಗೆ ಎದ್ದು ಕಿಟಕಿ ತೆರೆದರೆ ಸಾಕು, ಪರಿಮಳವೇ ಹೇಳುತ್ತದೆ.

ಇದು ಬರೀ ಕಲ್ಪನೆಯ ಮಾತಲ್ಲ. ಅಸ್ಸಾಮಿನ ರೀಮಾ ದಾಸ್ ಹೀಗೇ ಸಿನಿಮಾ ಮಾಡಿದರು. 'ವಿಲೇಜ್ ರಾಕ್‌ಸ್ಟಾರ್ಸ್' 2017ರದ್ದು. ಕತೆ, ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್ ಎಲ್ಲ ಅವರೇ. ತಮ್ಮದೇ ಊರಿನ ಮಕ್ಕಳನ್ನು ಹಾಕಿಕೊಂಡು, ಕೈಗೆ ಸಿಗುವ ಸ್ಟಿಲ್ ಕ್ಯಾಮೆರಾದಲ್ಲಿ, ಸುಮಾರು 150 ದಿನ ಶೂಟ್ ಮಾಡಿದರು. ಆ ದಿನಗಳು ವರ್ಷಗಳ ಉದ್ದಕ್ಕೂ ಹರಡಿದ್ದವು. ನೆರೆ ಬಂದಾಗ ನೆರೆ ತೆಗೆದರು, ಗದ್ದೆ ಹಸಿರಾದಾಗ ಹಸಿರು ತೆಗೆದರು. ಅದಕ್ಕೆ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಗೌರವ ಸಿಕ್ಕಿತು, ಆ ವರ್ಷ ಭಾರತದಿಂದ ಆಸ್ಕರ್‌ಗೆ ಹೋದದ್ದೂ ಅದೇ. 150 ದಿನ ಅಂದರೆ ಸ್ಟಾರ್ ಸಿನಿಮಾದ ಶೆಡ್ಯೂಲ್. ದೊಡ್ಡ ಯೂನಿಟ್ ಇಟ್ಟುಕೊಂಡು ಅಷ್ಟು ದಿನ ನೆರೆಗೆ ಕಾಯಲು ಯಾವ ನಿರ್ಮಾಪಕನಿಂದಲೂ ಆಗುವುದಿಲ್ಲ. ಅವರ ಹತ್ತಿರ ದುಡ್ಡು ಇರಲಿಲ್ಲ, ಅದಕ್ಕೇ ಅಷ್ಟು ಸಮಯ ಇತ್ತು.

ಸೌಂಡ್ ಬಗ್ಗೆ ಸ್ವಲ್ಪ ಹೇಳಲೇಬೇಕು, ನನ್ನ ಹೊಟ್ಟೆಪಾಡು ಅದು. ಕೊಡಗಿನಷ್ಟು ಚೆಂದ ಕಾಣುವ ಜಾಗ ಕಡಿಮೆ, ಕೊಡಗಿನಷ್ಟು ಸೌಂಡ್‌ನವರಿಗೆ ಕಾಟ ಕೊಡುವ ಜಾಗವೂ ಕಡಿಮೆ. ಸಂಜೆ ಆರಾದರೆ ಜೀರುಂಡೆ. ಮಳೆಗಾಲದಲ್ಲಿ ಹೆಂಚಿನ ಮೇಲೆ, ಶೀಟ್ ಮೇಲೆ ಮಳೆ. ಕೊಯ್ಲಿನ ಕಾಲದಲ್ಲಿ ಪಕ್ಕದ ಎಸ್ಟೇಟ್‌ನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ. ವಾರಾಂತ್ಯದಲ್ಲಿ ಹೋಮ್‌ಸ್ಟೇಗೆ ಬಂದವರ ಹಾಡು. ದೊಡ್ಡ ಕಮರ್ಷಿಯಲ್ ಸಿನಿಮಾಗೆ ಇದು ತೊಂದರೆಯೇ ಅಲ್ಲ. ಜಾಗದಲ್ಲಿ ಆಮೇಲಿನ ಗುರುತಿಗಷ್ಟೇ ಒಂದು ಕಚ್ಚಾ ರೆಕಾರ್ಡಿಂಗ್, ಗೈಡ್ ಟ್ರ್ಯಾಕ್, ಮಾಡಿಕೊಂಡು ಹೋಗುತ್ತಾರೆ, ಆಮೇಲೆ ಸ್ಟುಡಿಯೊದಲ್ಲಿ ಎಲ್ಲರ ಮಾತನ್ನೂ ಡಬ್ ಮಾಡುತ್ತಾರೆ. ಹೀರೊಯಿನ್‌ಗೆ ಬೇರೆಯವರ ದನಿ. ಹೆಜ್ಜೆ ಸಪ್ಪಳ, ಬಳೆ ಸದ್ದು ಎಲ್ಲ ಮತ್ತೆ ಹೊಸದಾಗಿ ಮಾಡುತ್ತಾರೆ. ತೆರೆ ಮೇಲೆ ಮಡಿಕೇರಿ ಇರುತ್ತದೆ, ಕಿವಿಗೆ ಎಲ್ಲೂ ಇಲ್ಲದ ಊರು ಕೇಳುತ್ತದೆ. ಸಣ್ಣ ಸಿನಿಮಾದವರು ಸಿಂಕ್ ಸೌಂಡ್ ಮಾಡುತ್ತಾರೆ, ಅಲ್ಲೇ ಆಡಿದ ಮಾತನ್ನೇ ಇಟ್ಟುಕೊಳ್ಳುತ್ತಾರೆ. ಸಿನಿಮಾ ರಂಗಕ್ಕೆ ಹೊಸಬರಾದ ಊರಿನವರನ್ನು ಡಬ್ಬಿಂಗ್ ರೂಮಿನಲ್ಲಿ ಕೂರಿಸಿದರೆ ಮಾತು ಕಟ್ಟಿಗೆ ಆಗುತ್ತದೆ, ಅದಕ್ಕೆ ಬೇರೆ ದಾರಿಯೂ ಇಲ್ಲ. ಪಲ್ಪರ್ ನಿಲ್ಲಿಸಿ ಅಂತ ಪಕ್ಕದ ಮನೆಯವರ ಹತ್ತಿರ ಕೈ ಮುಗಿಯಬೇಕು. ಎರಡು ದಿನ ನಿಲ್ಲಿಸುತ್ತಾರೆ, ಮೂರನೇ ದಿನ "ಹಣ್ಣು ಕೊಳೆಯುತ್ತೆ ಮಾರಾಯ್ರೆ" ಅಂತಾರೆ. ಅವರು ಹೇಳೋದೂ ಸರಿ ಅಲ್ವಾ?

ಐನ್‌ಮನೆಯಲ್ಲಿ, ಅಂದರೆ ಕೊಡಗಿನ ಕುಟುಂಬಗಳ ಹಳೆಯ ಮೂಲಮನೆಯಲ್ಲಿ, ಶೂಟ್ ಮಾಡೋದೂ ಹೀಗೇ. ದೊಡ್ಡ ಚಿತ್ರಕ್ಕೆ ಐನ್‌ಮನೆ ಬೇಕಾದರೆ ಹೊರಗಿನ ನೋಟ ಮಾತ್ರ ಇಲ್ಲಿ ತೆಗೆದು, ಒಳಗಿನದಕ್ಕೆ ಸೆಟ್ ಹಾಕುವುದು ಜಾಸ್ತಿ. ಸೆಟ್‌ನಲ್ಲಿ ಗೋಡೆ ಬಿಚ್ಚಬಹುದು, ಕ್ರೇನ್ ಇಳಿಸಬಹುದು. ನಿಜವಾದ ಮನೆಯಲ್ಲಿ ಬಾಗಿಲು ತಗ್ಗು, ಒಳಗೆ ಕತ್ತಲು, ಕಂಬ ಎಲ್ಲಿದೆಯೋ ಅಲ್ಲೇ ಇರುತ್ತದೆ. ದೀಪ ಇಡುವ ಒಳಗಿನ ನಡುಮನೆ, ನೆಲ್ಲಕ್ಕಿ ನಡುಬಾಡೆಗೆ ಚಪ್ಪಲಿ, ಶೂ ಹಾಕಿಕೊಂಡು ಹೋಗುವ ಹಾಗಿಲ್ಲ, ಲೈಟ್‌ನವರಿಗೆ ಇದನ್ನು ದಿನಕ್ಕೆ ಹತ್ತು ಸಲ ನೆನಪಿಸಬೇಕು. ಸಣ್ಣ ತಂಡ ಆ ಮನೆಯ ಹಿರಿಯರು ಒಪ್ಪುವ ಹಾಗೆ, ಆ ಕಂಬದ ಮರೆಯಲ್ಲಿ, ಆ ಕತ್ತಲಲ್ಲೇ ಸೀನ್ ಬರೆದುಕೊಳ್ಳಬೇಕು. ಎಷ್ಟೋ ಸಲ ಸೀನ್ ಅದರಿಂದಲೇ ಚೆನ್ನಾಗಿ ಬರುತ್ತದೆ. ಎಷ್ಟೋ ಸಲ ಬರೀ ಕತ್ತಲು ಬರುತ್ತದೆ, ಅದನ್ನೂ ಹೇಳಬೇಕು.

ನಟರ ವಿಷಯಕ್ಕೆ ಬಂದರೆ 'ತಿಥಿ' ನೆನಪಿಸಿಕೊಳ್ಳದೆ ಇರಲಾಗದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು, ಆ ಸುತ್ತಲಿನ ಊರಿನ ಜನರೇ ಪಾತ್ರಧಾರಿಗಳು. ಬರೆದ ಈರೇಗೌಡರಿಗೆ ಆ ಊರು ಬಾಲ್ಯದಿಂದ ಗೊತ್ತು, ಯಾರ ಮಾತು ಹೇಗಿರುತ್ತದೆ ಅಂತ ಗೊತ್ತು. ನಿರ್ದೇಶಕ ರಾಮ್ ರೆಡ್ಡಿ. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ದೊಡ್ಡ ಬಹುಮಾನ ಬಂದವು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ತೆಗೆದ 'ಶಿವಮ್ಮ' 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವದಲ್ಲಿ ಗೆದ್ದಿತು. ಅಲ್ಲೂ ಊರಿನವರೇ ನಟಿಸಿದ್ದರು. ಇಂಥ ಮುಖಗಳನ್ನು ದೊಡ್ಡ ಬಜೆಟ್ಟಿನ ಚಿತ್ರದಲ್ಲಿ ಮುಖ್ಯ ಪಾತ್ರಕ್ಕೆ ಹಾಕಲು ಆಗುವುದೇ ಇಲ್ಲ. ತಿಥಿಯ ಗಡ್ಡಪ್ಪನ ಮುಖ ನೋಡಿ ಸ್ಯಾಟಲೈಟ್ ಹಕ್ಕು ಯಾರೂ ಮೊದಲೇ ಕೊಳ್ಳುತ್ತಿರಲಿಲ್ಲ. ಸಿನಿಮಾ ಬಂದ ಮೇಲೆ ಅವರು ಮನೆಮಾತಾದರು, ಅದು ಬೇರೆ.

ನಾನು ಸಣ್ಣ ಸಿನಿಮಾದ ಭಜನೆ ಮಾಡುತ್ತಿದ್ದೇನೆ ಅಂತ ಅನ್ನಿಸಿದರೆ ಸ್ವಲ್ಪ ನಿಲ್ಲಿ. ದೊಡ್ಡ ಯೂನಿಟ್‌ನಲ್ಲಿ ನನಗೆ ಬೇಟಾ ಹೇಳಿದ ದಿನ ಕೈಗೆ ಬರುತ್ತದೆ. ಲೈಟ್‌ನವರಿಗೆ ಯೂನಿಯನ್ ಇದೆ, ಕಾಲ್‌ಶೀಟ್‌ನ ಗೊತ್ತಾದ ಗಂಟೆ ಮೀರಿದರೆ ಎಕ್ಸ್‌ಟ್ರಾ ಕೊಡಬೇಕು. ಬಿಸಿ ಊಟ ಇರುತ್ತದೆ. ಸಣ್ಣ ಸಿನಿಮಾದಲ್ಲಿ ಎಷ್ಟೋ ಕಡೆ "ನಮ್ಮದೇ ಸಿನಿಮಾ ಅಲ್ವಾ, ಹೊಂದಾಣಿಕೆ ಮಾಡ್ಕೊಳ್ಳಿ" ಅನ್ನುವ ಒಂದೇ ಮಾತಿನಲ್ಲಿ ಹದಿನಾರು ಗಂಟೆ ದುಡಿಸುತ್ತಾರೆ. ನಿರ್ದೇಶಕನಿಗೆ ಹೆಸರು ಬರುತ್ತದೆ, ವಿದೇಶಕ್ಕೆ ಟಿಕೆಟ್ ಬರುತ್ತದೆ. ಮೈಕ್ ಕಟ್ಟಿದ ಉದ್ದ ಕೋಲು, ಬೂಮ್, ಹಿಡಿದ ಹುಡುಗನಿಗೆ ಭುಜ ನೋವು ಬರುತ್ತದೆ. ಕಲೆಯ ಹೆಸರಲ್ಲಿ ಪುಕ್ಕಟೆ ದುಡಿಸುವುದು ನನಗೆ ಬಡ್ಡಿ ವ್ಯಾಪಾರಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಐದೇ ಜನ ಇದ್ದರೂ ಪರವಾಗಿಲ್ಲ, ಐದು ಜನಕ್ಕೂ ಏನು ಕೊಡುತ್ತೀರಿ ಅಂತ ಮೊದಲೇ ಕಾಗದದಲ್ಲಿ ಬರೆಯಿರಿ. ಈಗ ಕೊಡಲಾಗದಿದ್ದರೆ ಲಾಭದಲ್ಲಿ ಪಾಲು ಎಷ್ಟು ಅಂತ ಬರೆಯಿರಿ.

ಈಗ ನಿಜವಾದ ಕಷ್ಟದ ಜಾಗಕ್ಕೆ ಬರುತ್ತೇನೆ. ಕುಂಬಳಕಾಯಿ ಒಡೆದು, ಎಡಿಟಿಂಗ್ ಮುಗಿಸಿ, ಸೆನ್ಸಾರ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ದೊಡ್ಡ ಸಿನಿಮಾಗೂ ಸಣ್ಣ ಸಿನಿಮಾಗೂ ಇರುವ ಅಂತರ ಹತ್ತು ಪಟ್ಟು ಹಿಗ್ಗುತ್ತದೆ.

ಹಾಲಿವುಡ್‌ನ ಸ್ಟುಡಿಯೊಗಳು ಒಂದು ಕಾಲದಲ್ಲಿ ಥಿಯೇಟರ್‌ಗಳನ್ನೂ ತಾವೇ ಇಟ್ಟುಕೊಂಡಿದ್ದವು. ಸಿನಿಮಾ ನಮ್ಮದು, ಟಾಕೀಸೂ ನಮ್ಮದು, ಹೊರಗಿನವನಿಗೆ ಜಾಗ ಇಲ್ಲ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ತಪ್ಪು ಅಂದಿತು, ಸ್ಟುಡಿಯೊಗಳು ಥಿಯೇಟರ್‌ಗಳನ್ನು ಬಿಟ್ಟುಕೊಡಬೇಕಾಯಿತು. ಅಲ್ಲಿ ಸ್ವತಂತ್ರ ಸಿನಿಮಾ ಚಿಗುರಲು ಅದೂ ಒಂದು ಕಾರಣ. 2020ರಲ್ಲಿ ಆ ಹಳೆಯ ಕಟ್ಟಳೆಯನ್ನು ಅಲ್ಲಿನ ನ್ಯಾಯಾಲಯವೇ ತೆಗೆದುಹಾಕಿತು.

ನಮ್ಮಲ್ಲಿ ಮಲ್ಟಿಪ್ಲೆಕ್ಸ್ ಲೆಕ್ಕ ಹೇಗಿದೆ ಗೊತ್ತಾ? 2009ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಹೊಸ ಸಿನಿಮಾ ಕೊಡದೆ ಮುಷ್ಕರ ಮಾಡಿದರು. ಕೊನೆಗೆ ಆದ ಒಪ್ಪಂದದಲ್ಲಿ ತೆರಿಗೆ ಕಳೆದ ಮೇಲೆ ಸಿನಿಮಾದವರಿಗೆ ಮೊದಲ ವಾರ ಶೇ. 50, ಎರಡನೇ ವಾರ ಶೇ. 42.5, ಮೂರನೇ ವಾರ ಶೇ. 37.5, ಆಮೇಲೆ ಶೇ. 30. ಇದನ್ನು ಸ್ವಲ್ಪ ಯೋಚಿಸಿ. ಮೊದಲ ವಾರವೇ ಮುಗಿಬಿದ್ದು ನೋಡುವ ಸಿನಿಮಾಗೆ ಈ ಲೆಕ್ಕ ಒಳ್ಳೆಯದು. ಬಾಯಿಂದ ಬಾಯಿಗೆ ಸುದ್ದಿ ಹರಡಿ ಮೂರನೇ ವಾರಕ್ಕೆ ಜನ ಬರುವ ಸಿನಿಮಾಗೆ, ಜನ ಬರುವ ಹೊತ್ತಿಗೆ ಪಾಲೇ ಇಳಿದಿರುತ್ತದೆ. ಅದೂ ಮೂರನೇ ವಾರ ಅಲ್ಲಿ ಉಳಿದಿದ್ದರೆ. ಸೋಮವಾರ ಬೆಳಗ್ಗೆ ಸೀಟು ಖಾಲಿ ಇದ್ದರೆ ಮಂಗಳವಾರ ಶೋ ಎತ್ತುತ್ತಾರೆ. ಥಿಯೇಟರ್‌ನವರನ್ನು ನಾನು ಬೈಯಲ್ಲ, ಅವರೂ ಕರೆಂಟ್ ಬಿಲ್ ಕಟ್ಟಬೇಕು.

'ಮುಂಗಾರು ಮಳೆ'ಗೆ ಆ ಸಮಯ ಸಿಕ್ಕಿತ್ತು. 2006ರ ಡಿಸೆಂಬರ್ ಕೊನೆಗೆ ಬಂದದ್ದು. ಅದು ಸ್ವತಂತ್ರ ಸಿನಿಮಾ ಏನಲ್ಲ, ಪಕ್ಕಾ ಕಮರ್ಷಿಯಲ್. ಆದರೆ ಆಗ ದೊಡ್ಡ ಸ್ಟಾರ್ ಅಲ್ಲದ ಗಣೇಶ್, ಕೈಗೆಟುಕುವ ಬಜೆಟ್, ಮಡಿಕೇರಿಯಲ್ಲಿ ನಡೆಯುವ ಕತೆ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಅದು ವರ್ಷ ದಾಟಿ ಓಡಿತು. ಈಗ ಯಾವ ಸಿನಿಮಾಗೂ ವರ್ಷ ಕೊಡುವುದಿಲ್ಲ. ಶುಕ್ರವಾರದಿಂದ ಭಾನುವಾರದೊಳಗೆ ನಿಮ್ಮ ಹಣೆಬರಹ ಮುಗಿಯುತ್ತದೆ. ಅಂದ ಹಾಗೆ, ಆ ಸಿನಿಮಾ ಆದ ಮೇಲೆ ಈ ಊರಿಗೆ ಮಳೆ ನೋಡಲು ಬರುವವರು ಹೆಚ್ಚಾದರು ಅಂತ ಹೋಮ್‌ಸ್ಟೇ ನಡೆಸುವ ಸ್ನೇಹಿತರು ಈಗಲೂ ಹೇಳುತ್ತಾರೆ. ನಾವು ಬಟ್ಟೆ ಒಣಗಿಲ್ಲ ಅಂತ ಗೋಳಾಡುವ ತಿಂಗಳಲ್ಲಿ!

ನಮ್ಮದೇ ಜಿಲ್ಲೆಯ ಒಂದು ಲೆಕ್ಕ ಹಾಕೋಣ. 1972ರಲ್ಲಿ 'ನಾಡ ಮಣ್ಣೇ ನಾಡ ಕೂಳು' ಬಂತು, ಕೊಡವರ ಭಾಷೆ ಕೊಡವ ತಕ್ಕ್‌ನ ಮೊದಲ ಸಿನಿಮಾ. ನಿಮ್ಮಲ್ಲಿ ಕೆಲವರು ಕೊಡವ ತಕ್ಕ್‌ನಲ್ಲಿ, ಕೆಲವರು ಇಲ್ಲಿನ ಗೌಡರ ಅರೆಭಾಷೆಯಲ್ಲಿ ಸಿನಿಮಾ ಮಾಡಬೇಕು ಅಂದುಕೊಂಡಿದ್ದೀರಿ, ಗೊತ್ತು. 2011ರ ಜನಗಣತಿ ಪ್ರಕಾರ ಕೊಡವ ತಕ್ಕ್ ಮಾತಾಡುವವರು ಸುಮಾರು 1.13 ಲಕ್ಷ. ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. 1.13 ಲಕ್ಷದಲ್ಲಿ ಹತ್ತರಲ್ಲಿ ಒಬ್ಬರು ಟಿಕೆಟ್ ಕೊಂಡು ಬಂದರು ಅಂತ ಇಟ್ಟುಕೊಳ್ಳಿ. ಇದು ತುಂಬಾ ಧಾರಾಳದ ಊಹೆ. 11,300 ಟಿಕೆಟ್. ಒಂದಕ್ಕೆ 150 ರೂಪಾಯಿ ಅಂದರೆ ಸುಮಾರು 17 ಲಕ್ಷ. ತೆರಿಗೆ ಹೋದರೆ 14 ಲಕ್ಷ ಚಿಲ್ಲರೆ. ಥಿಯೇಟರ್ ಪಾಲು ಅರ್ಧ ಹೋದರೆ ಏಳು ಲಕ್ಷ. ಪೋಸ್ಟರ್, ಪ್ರಚಾರ, ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ ಕಳೆಯಿರಿ. ಕೈಯಲ್ಲಿ ಉಳಿಯುವುದು ಎಷ್ಟು?

ಕೆಜಿಎಫ್ ಎರಡನೇ ಭಾಗ 2022ರಲ್ಲಿ ಜಗತ್ತಿನಾದ್ಯಂತ 1,200 ಕೋಟಿ ದಾಟಿತು ಅನ್ನುತ್ತಾರೆ. ಅದು ಕನ್ನಡದ ಜೊತೆ ಹಿಂದಿ, ತೆಲುಗು, ತಮಿಳು, ಮಲಯಾಳಂನಲ್ಲೂ ಬಂತು. ಗಡಿ ದಾಟಲೆಂದೇ ಕಟ್ಟಿದ ಸಿನಿಮಾ ಅದು. ಅಲ್ಲಿ ಗಣಿಯ ಲೋಕ ಕಟ್ಟಿದ ರೀತಿ, ಸೌಂಡ್ ಡಿಸೈನ್, ಆ ಎಡಿಟಿಂಗ್ ವೇಗ, ಎಲ್ಲ ಭಾಷೆ ಬಾರದವನಿಗೂ ತಾಗಬೇಕು ಅಂತಲೇ ಮಾಡಿದ್ದು. ಕೊಡವ ತಕ್ಕ್ ಸಿನಿಮಾದವರು ಅದನ್ನು ನೋಡಿ ಒಂದು ಸಣ್ಣ ಕೆಜಿಎಫ್ ಮಾಡಲು ಹೊರಟರೆ ಮನೆ ಮಾರಬೇಕಾಗುತ್ತದೆ. ಇಲ್ಲಿನ ಬಜೆಟ್ ಶುರುವಾಗಬೇಕಾದದ್ದು ಆ ಏಳು ಲಕ್ಷದಿಂದ. ಮೇಲೆ ಸರ್ಕಾರದ ಸಬ್ಸಿಡಿ ಬಂದರೆ ಬೋನಸ್. ಸಬ್ಸಿಡಿ ನಂಬಿ ಸಾಲ ಮಾಡಬೇಡಿ, ಅದು ಬರುವ ಹೊತ್ತಿಗೆ ಬಡ್ಡಿ ಅದನ್ನು ನುಂಗಿರುತ್ತದೆ.

ಥಿಯೇಟರ್ ಒಂದೇ ದಾರಿ ಅಲ್ಲ ಅನ್ನೋದು ಸಣ್ಣ ಸಿನಿಮಾಗೆ ಇರುವ ಲಾಭ. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ, ಬೆಂಗಳೂರು, ಮೈಸೂರು ಎಲ್ಲ ಕಡೆ ಕೊಡವ ಸಮಾಜಗಳ ಹಾಲ್ ಇವೆ, ಗೌಡ ಸಮಾಜಗಳ ಹಾಲ್ ಇವೆ. ಪ್ರೊಜೆಕ್ಟರ್ ಬಾಡಿಗೆಗೆ ತಂದು ಭಾನುವಾರ ಎರಡು ಶೋ ಮಾಡಿದರೆ ಅರ್ಧ ಪಾಲು ಕೊಡುವ ಗೋಜಿಲ್ಲ. ದೊಡ್ಡ ಸಿನಿಮಾ ಹೀಗೆ ಮಾಡಲಾರದು, ನೂರು ಕೋಟಿಯನ್ನು ಸಮಾಜದ ಹಾಲ್‌ನಲ್ಲಿ ವಾಪಸ್ ತರೋಕಾಗಲ್ಲ.

ಬಿಡುಗಡೆಯ ಖರ್ಚಿನ ಬಗ್ಗೆ ಒಂದು ಕತೆ ಹೇಳಿ ಮುಂದೆ ಹೋಗುತ್ತೇನೆ. ರಾಬರ್ಟ್ ರೊಡ್ರಿಗಸ್ ಅನ್ನುವ ಹುಡುಗ 1992ರಲ್ಲಿ 'ಎಲ್ ಮರಿಯಾಚಿ' ಅನ್ನುವ ಆಕ್ಷನ್ ಸಿನಿಮಾ ಮಾಡಿದ. ಖರ್ಚು ಸುಮಾರು 7,000 ಡಾಲರ್. ಔಷಧ ಪ್ರಯೋಗಕ್ಕೆ ತನ್ನ ಮೈ ಒಡ್ಡಿ ಅದರಲ್ಲಿ ಒಂದಷ್ಟು ದುಡ್ಡು ಹೊಂದಿಸಿದ್ದ. ಈ 7,000 ಡಾಲರ್ ಕತೆಯನ್ನು ಎಲ್ಲ ಫಿಲ್ಮ್ ಸ್ಕೂಲ್‌ಗಳಲ್ಲೂ ಹೇಳುತ್ತಾರೆ. ಅರ್ಧ ಕತೆ ಮಾತ್ರ ಹೇಳುತ್ತಾರೆ. ಆ ಸಿನಿಮಾವನ್ನು ಕೊಲಂಬಿಯಾ ಸ್ಟುಡಿಯೊ ಕೊಂಡ ಮೇಲೆ ಅದನ್ನು 35 ಎಂಎಂ ಪ್ರಿಂಟ್ ಮಾಡಿ, ಸೌಂಡ್ ಸರಿಪಡಿಸಿ, ಥಿಯೇಟರ್‌ಗೆ ಮುಟ್ಟಿಸಲು ಅದರ ಎಷ್ಟೋ ಪಟ್ಟು ಖರ್ಚು ಮಾಡಿತು. ಜನ ನೋಡಿದ್ದು 7,000 ಡಾಲರ್ ಸಿನಿಮಾ ಅಲ್ಲ. ಆ ದುಡ್ಡಲ್ಲಿ ಆದದ್ದು ಒಂದು ವಿಡಿಯೊ ಟೇಪ್. ಹಾಗಾಗಿ ನಿಮ್ಮ ಕೈಯಲ್ಲಿ ಹತ್ತು ಲಕ್ಷ ಇದ್ದರೆ ಶೂಟಿಂಗ್‌ಗೆ ಹತ್ತೂ ಹಾಕಬೇಡಿ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಕೇಳಿದರು, ಸಣ್ಣದರಲ್ಲಿ ಗೆದ್ದವರು ದೊಡ್ಡದಕ್ಕೆ ಹೋದರೆ ಹಳೆಯ ಧೈರ್ಯ ಉಳಿಯುತ್ತದಾ ಅಂತ. ಕೆಲವರದ್ದು ಉಳಿಯುತ್ತದೆ. ಆದರೆ ಲೆಕ್ಕ ಬದಲಾಗುತ್ತದೆ. 50 ಲಕ್ಷದ ಸಿನಿಮಾ ಕೆಲವು ಸಾವಿರ ಜನರಿಗೆ ತುಂಬಾ ಇಷ್ಟವಾದರೆ ಸಾಕು. 100 ಕೋಟಿಯದ್ದು ಲಕ್ಷಾಂತರ ಜನರಿಗೆ ಬೇಜಾರಾಗದ ಹಾಗೆ ಇರಬೇಕು. ಜನರಿಗೆ ಬೇಜಾರಾಗದ ಹಾಗೆ ಮಾಡುವುದೂ ದೊಡ್ಡ ಕಸುಬೇ, ಅದನ್ನು ಕೀಳಾಗಿ ನೋಡಬೇಡಿ. ನನಗೆ ವೈಯಕ್ತಿಕವಾಗಿ ಮೊದಲನೆಯ ತರಹದ್ದು ಇಷ್ಟ. ಸಂಬಳಕ್ಕೆ ಎರಡನೆಯದು ಇಷ್ಟ.

ಇನ್ನೊಬ್ಬರ ಪ್ರಶ್ನೆ ಮೊಬೈಲ್ ಬಗ್ಗೆ. ಮೊಬೈಲ್‌ನಲ್ಲಿ ಸಿನಿಮಾ ತೆಗೆಯಬಹುದಾ? ಧಾರಾಳವಾಗಿ. ಆರಂಭದಲ್ಲಿ ಅನೋರಾ ಅಂದೆನಲ್ಲ, ಅದರ ನಿರ್ದೇಶಕ ಶಾನ್ ಬೇಕರ್ 2015ರಲ್ಲಿ 'ಟ್ಯಾಂಜರೀನ್' ಸಿನಿಮಾವನ್ನು ಐಫೋನ್ 5ಎಸ್‌ನಲ್ಲಿ ತೆಗೆದರು. ಬಜೆಟ್ ಸುಮಾರು ಒಂದು ಲಕ್ಷ ಡಾಲರ್. ಫೋನಿಗೆ ಅಂಟಿಸುವ ಅಗಲ ತೆರೆಯ ಲೆನ್ಸ್ ಇತ್ತು, ಅಲುಗಾಡದ ಹಾಗೆ ಹಿಡಿಯಲು ಸಲಕರಣೆ ಇತ್ತು. ಆದರೆ ಮಾತನ್ನು ಫೋನಿನ ಮೈಕ್‌ನಲ್ಲಿ ಹಿಡಿಯಲಿಲ್ಲ, ಅದಕ್ಕೆ ಬೇರೆ ರೆಕಾರ್ಡಿಸ್ಟ್, ಬೇರೆ ಮೈಕ್ ಇತ್ತು. ಚಿತ್ರ ಸ್ವಲ್ಪ ಮಸುಕಾದರೆ ಜನ ಅದನ್ನೂ ಒಂದು ಶೈಲಿ ಅಂತ ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಇಲ್ಲಿ ಶೂಟ್ ಮಾಡುವವರು ತಿಂಗಳು ನೋಡಿ ಆರಿಸಿಕೊಳ್ಳಿ. ಅಕ್ಟೋಬರ್ ಒಳ್ಳೆಯದು, ಮಳೆ ಇಳಿದಿರುತ್ತದೆ, ಹಸಿರು ಇರುತ್ತದೆ, ಕೊಯ್ಲು ಇನ್ನೂ ಶುರುವಾಗಿರಲ್ಲ. ಡಿಸೆಂಬರ್‌ನಿಂದ ಆಚೆಗೆ ಊರಿನವರನ್ನು ನಟಿಸಲು ಕರೆದರೆ ಯಾರೂ ಬರಲ್ಲ, ಎಲ್ಲರೂ ತೋಟದಲ್ಲಿರುತ್ತಾರೆ. ಕಾಡಿನೊಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ, ಮೊಬೈಲ್ ತಾನೇ ಅಂತ ಸುಮ್ನೆ ನುಗ್ಗಬೇಡಿ. ಮೈಕ್ ಯಾವುದು ಕೊಳ್ಳೋದು ಅಂತ ಕೇಳುವವರು ಹೊರಗೆ ಕಾಫಿ ಕುಡಿಯುವಾಗ ಸಿಗಿ. ಬ್ಯಾಗ್‌ನಲ್ಲಿ ಎರಡು ಥರದ್ದು ತಂದಿದ್ದೇನೆ, ಹೆಡ್‌ಫೋನ್ ಹಾಕಿಕೊಂಡು ನೀವೇ ಕೇಳಿ ನೋಡಿ.